ಹೌದಾ ಅಂತ ಕೇಳಬೇಡಿ

"ಓಡ್ತೀಯಾ?"

"ಹೌದು."

"ಪ್ರತಿ ಶನಿವಾರ ಮೈದಾನಕ್ಕೆ ಬರ್ತೀಯಾ?"

"ಹೌದು."

"ಹಾಗಾದ್ರೆ ಹೆಸರು ಬರ್ಕೊಳ್ಳಲಾ?"

"ಹೌದು."

ಕತ್ತಿಗೆ ಸೀಟಿ ನೇತುಹಾಕಿಕೊಂಡಿದ್ದ ಆ ಎತ್ತರದ ಗಂಡಸು ಖುಷಿಯಿಂದ ಪೆನ್ನಿನ ಮುಚ್ಚಳ ತೆಗೆದ. ಅಷ್ಟರಲ್ಲಿ ಅವನ ಮುಂದಿದ್ದ ಕಾಗದದ ಮೇಲೆ ಸೌಟೊಂದು ಟಪ್ಪೆಂದು ಬಿತ್ತು. ಬಿಸಿ ಸಿಕ್ವಾತೆಯ ನಾಲ್ಕು ಹನಿ ಅವನ ಬಿಳಿ ಅಂಗಿಗೂ ಹಾರಿದವು.

"ಏನ್ರೀ ನಡೀತಿದೆ ಇಲ್ಲಿ?"

ಸೌಟು ಹಿಡಿದವಳು ಜೋವೆಲಿನ್. ಡುಮಗೆಟೆ ಸಂತೆಯ ತಿಂಡಿ ಸಾಲಿನಲ್ಲಿ ಮೂರನೆಯ ಅಂಗಡಿ ಅವಳದು. ಅಂಟಕ್ಕಿಯನ್ನು ಬಾಳೆ ಎಲೆಯಲ್ಲಿ ಸುತ್ತಿ ಬೇಯಿಸಿದ ಬುಡ್‌ಬುಡ್, ಕೋಕೋ ಕುದಿಸಿ ಕಡೆದ ಗಟ್ಟಿ ಸಿಕ್ವಾತೆ... ಸೂರ್ಯ ಹುಟ್ಟುವಷ್ಟರಲ್ಲಿ ಊರಿನ ಅರ್ಧ ಜನ ಅವಳ ಬೆಂಚಿನ ಮೇಲಿರುತ್ತಿದ್ದರು. ಅವಳ ನಾಲಿಗೆ ಸಿಕ್ವಾತೆಗಿಂತ ಬಿಸಿ ಎಂದು ಅಕ್ಕಪಕ್ಕದ ಅಂಗಡಿಯವರು ಆಡಿಕೊಳ್ಳುತ್ತಿದ್ದರು, ಅವಳಿಗೆ ಕೇಳಿಸದ ಹಾಗೆ.

"ನಾನು ಡೆಲ್ಫಿನ್ ಅಂತ. ಸರ್ಕಾರಿ ಶಾಲೇಲಿ ಪಿ.ಟಿ. ಮೇಷ್ಟ್ರು," ಎಂದು ಅವನು ಎದ್ದು ನಿಂತ. "ಬುದ್ಧಿ ಬೆಳವಣಿಗೆ ಸ್ವಲ್ಪ ನಿಧಾನ ಇರೋ ದೊಡ್ಡೋರಿಗೆ ಅಂತ ಶನಿವಾರ ಶನಿವಾರ ಓಟ, ಚೆಂಡಾಟ ಕಲಿಸ್ತೀವಿ. ಸಾಂತೋ ಆಗ್ಲೇ ಒಪ್ಕೊಂಡಿದ್ದಾರೆ..."

"ಒಪ್ಕೊಂಡ್ನಾ?" ಜೋವೆಲಿನ್ ಸೊಂಟದ ಮೇಲೆ ಕೈಯಿಟ್ಟಳು. ಲೋಟ ತೊಳೆಯುತ್ತ ನಿಂತಿದ್ದ ಅಣ್ಣನ ಕಡೆ ತಿರುಗಿದಳು. ಅಣ್ಣನನ್ನು ಅವಳು ಕೂಯಾ ಎಂದೇ ಕರೆಯುತ್ತಿದ್ದಳು. "ಕೂಯಾ, ನಮ್ಮ ಅಂಗಡೀನ ಈ ಮನುಷ್ಯಂಗೆ ಪುಕ್ಕಟೆ ಕೊಟ್ಟುಬಿಡೋಣ್ವಾ?"

ಸಾಂತೋಗೆ ಮೂವತ್ನಾಲ್ಕು ವರ್ಷ. ಅವನು ಲೋಟವನ್ನು ಮೆಲ್ಲಗೆ ಕೆಳಗಿಟ್ಟ. "ಹೌದು."

"ಈ ಮನುಷ್ಯ ಕೋಣಾನಾ?"

ಸಾಂತೋ ತಂಗಿಯ ಮುಖ ನೋಡಿದ, ಮೇಷ್ಟರ ಮುಖ ನೋಡಿದ. "ಹೌದು."

ಬೆಂಚಿನ ಮೇಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಡೆಲ್ಫಿನ್ನನ ಕಿವಿ ಕೆಂಪಗಾಯಿತು.

"ನೋಡಿದ್ರಾ?" ಈಗ ಅವಳ ದನಿಯಲ್ಲಿ ನಗುವಿರಲಿಲ್ಲ. "ಯಾರಾದ್ರೂ ಹೌದಾ ಅಂತ ಕೇಳಿದ್ರೆ ನಮ್ಮಣ್ಣ ಹೌದು ಅಂತಾನೆ. ಹಾಗಂದ್ರೆ ಜನ ಬೈಯಲ್ಲ ಅಂತ ಚಿಕ್ಕಂದಿನಲ್ಲೇ ಕಲಿತುಬಿಟ್ಟಿದ್ದಾನೆ. ಅವನನ್ನ ಹೌದಾ ಅಂತ ಕೇಳಬೇಡಿ. ಏನು, ಯಾರು, ಯಾಕೆ ಅಂತ ಕೇಳಿ. ಕೇಳಿ ಸುಮ್ನೆ ಕಾಯಿರಿ. ಕಾಯೋಕೆ ಪುರುಸೊತ್ತಿಲ್ಲ ಅಂದ್ರೆ ಕುಡಿದು ಹೊರಡಿ!"

ಬೇರೆ ಯಾರಾದರೂ ಆಗಿದ್ದರೆ ಹೊರಟೇ ಹೋಗುತ್ತಿದ್ದರು. ಇವನು ಕೂತ.

"ಸಾಂತೋ, ನಿನಗೆ ಏನು ಮಾಡಿದ್ರೆ ಖುಷಿ?"

ಸಾಂತೋ ಮೇಜು ಒರೆಸಿದ. ಇನ್ನೊಮ್ಮೆ ಒರೆಸಿದ. ಡೆಲ್ಫಿನ್ನನ ಲೋಟದಲ್ಲಿ ಸಿಕ್ವಾತೆ ಆರಿ ಕೆನೆ ಕಟ್ಟಿತು. ಅವನು ಗಡಿಯಾರ ನೋಡಲಿಲ್ಲ, ಕೆಮ್ಮಲಿಲ್ಲ, ಮತ್ತೊಮ್ಮೆ ಕೇಳಲೂ ಇಲ್ಲ.

"ಗಾಳಿ," ಎಂದ ಸಾಂತೋ ಕೊನೆಗೆ. "ಓಡಿದ್ರೆ... ಮುಖಕ್ಕೆ ಗಾಳಿ ಬರುತ್ತೆ. ಅದು."

ಜೋವೆಲಿನ್ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಇಪ್ಪತ್ತೆಂಟು ವರ್ಷ ಒಂದೇ ಮನೆಯಲ್ಲಿ ಬೆಳೆದವಳು ಅವಳು. ಅಣ್ಣನಿಗೆ ಗಾಳಿ ಇಷ್ಟ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. 'ಏನು, ಯಾರು, ಯಾಕೆ ಅಂತ ಊರಿಗೆಲ್ಲ ಪಾಠ ಹೇಳ್ತೀನಿ... ನಾನೇ ಯಾವತ್ತೂ ಕೇಳಲಿಲ್ವಲ್ಲ!'

"ಹಾಗಾದ್ರೆ ಬರ್ಕೊಳ್ಳಲಾ..." ಡೆಲ್ಫಿನ್ ನಾಲಿಗೆ ಕಚ್ಚಿಕೊಂಡ. "ಛೆ! ಶನಿವಾರ ಏನು ಮಾಡೋಣ ಸಾಂತೋ?"

"ಓಡೋಣ," ಎಂದ ಸಾಂತೋ.

* * *

ಮೊದಲ ಶನಿವಾರ ಜೋವೆಲಿನ್ ಅಂಗಡಿ ಬೇಗ ಮುಚ್ಚಿ ಅಣ್ಣನ ಜೊತೆ ತಾನೂ ಹೋದಳು. ಮೇಷ್ಟರ ಮೇಲೆ ನಂಬಿಕೆ ಇಲ್ಲ, ಅದಕ್ಕೆ ಎಂದಳು. ಎರಡನೆಯ ಶನಿವಾರವೂ ಅದನ್ನೇ ಹೇಳಿದಳು. ಎಂಟನೆಯ ಶನಿವಾರ ಕಾರಣ ಹೇಳುವುದನ್ನೇ ಬಿಟ್ಟಳು.

ಡೆಲ್ಫಿನ್ ಸಾಂತೋನ ಹತ್ತಿರ ಸೀಟಿ ಊದುತ್ತಿರಲಿಲ್ಲ, ಚಪ್ಪಾಳೆ ತಟ್ಟುತ್ತಿದ್ದ. ಸೀಟಿ ಸದ್ದಿಗೆ ಸಾಂತೋ ಬೆಚ್ಚಿ ಕಿವಿ ಮುಚ್ಚಿಕೊಳ್ಳುತ್ತಾನೆ ಎಂದು ಅವನೇ ಗಮನಿಸಿದ್ದ. ಬೂಟಿನ ದಾರ ಕಟ್ಟುವುದನ್ನು ಐದು ಶನಿವಾರ ಕಲಿಸಿದ. ಆರನೆಯ ಶನಿವಾರ ಸಾಂತೋ ತಾನೇ ಗಂಟು ಹಾಕಿ ತಲೆಯೆತ್ತಿದಾಗ ಜೋವೆಲಿನ್ ಫ್ಲಾಸ್ಕಿನ ಹಿಂದೆ ಮುಖ ಬಚ್ಚಿಟ್ಟುಕೊಂಡು ಅತ್ತಳು. ಅಮ್ಮ ಇದ್ದಿದ್ದರೆ ನೋಡುತ್ತಿದ್ದಳು ಎನಿಸಿತು. ಅಮ್ಮ ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು.

"ಮೇಷ್ಟ್ರು ದಿನಾ ಬರೋದು ಬುಡ್‌ಬುಡ್‌ಗೋ, ಬುಡ್‌ಬುಡ್ ಸುತ್ತೋ ಕೈಗೋ?" ಎಂದು ಪಕ್ಕದ ಅಂಗಡಿಯ ಪಾಸಿಂಗಕ್ಕ ಇಡೀ ಸಾಲಿಗೆ ಕೇಳುವಂತೆ ಕೂಗುತ್ತಿದ್ದಳು.

"ನಿಮ್ಮ ಮೀನು ಹೊತ್ತಿದೆ, ನೋಡ್ಕೊಳ್ಳಿ ಮನಾಂಗ್!" ಎಂದು ಜೋವೆಲಿನ್ ಗದರುತ್ತಿದ್ದಳು. ಗದರುವಾಗ ಅವಳ ಕೆನ್ನೆ ಏಕೆ ಬಿಸಿಯಾಗುತ್ತಿತ್ತೋ, ಒಲೆಯ ಶಾಖವಂತೂ ಅಲ್ಲ.

ಒಂದು ಸಂಜೆ ಮೈದಾನದ ಮಳೆಮರದ ಕೆಳಗೆ ಡೆಲ್ಫಿನ್ ಗಂಟಲು ಸರಿಮಾಡಿಕೊಂಡ.

"ಜೋವೆಲಿನ್... ನಿಮಗೆ... ಅಂದ್ರೆ, ನೀವು ನನ್ನನ್ನ..."

"ಹೌದಾ ಇಲ್ವಾ ಅನ್ನೋ ಪ್ರಶ್ನೆನಾ?"

"...ಹೌದು."

"ನಮ್ಮನೇಲಿ ಅಂಥ ಪ್ರಶ್ನೆಗೆ ಬೆಲೆ ಇಲ್ಲ ಮೇಷ್ಟ್ರೇ! ಸರಿಯಾಗಿ ಕೇಳೋದು ಕಲಿತು ಬನ್ನಿ!"

"ಕಲಿತು ಬರ್ತೀನಿ," ಎಂದ ಅವನು. ಅವನು ನಗಲಿಲ್ಲ. "ಮುಂದಿನ ತಿಂಗಳು ನಮ್ಮ ಓಟಗಾರರ ಕ್ರೀಡಾಕೂಟ ಇದೆ, ಅದು ಮುಗೀಲಿ. ಮುಗಿದ ದಿನಾನೇ ಕೇಳ್ತೀನಿ."

ಆ ರಾತ್ರಿ ಜೋವೆಲಿನ್ ಎಲೆ ಸುತ್ತುತ್ತ ಎರಡು ಬುಡ್‌ಬುಡ್‌ಗೆ ಅನ್ನ ತುಂಬುವುದನ್ನೇ ಮರೆತಳು.

* * *

ಕೂಟ ನಡೆದದ್ದು ಪಕ್ಕದ ಊರಿನ ದೊಡ್ಡ ಮೈದಾನದಲ್ಲಿ. ಶುಕ್ರವಾರ ಪರೀಕ್ಷೆಯ ಓಟ, ಶನಿವಾರ ಪಂದ್ಯ.

ಪರೀಕ್ಷೆ ಎಂದರೆ ಇಷ್ಟೇ. ಮೊದಲ ದಿನ ಎಲ್ಲರೂ ಕೈಲಾದಷ್ಟು ಜೋರಾಗಿ ಓಡಬೇಕು. ಆ ಸಮಯ ನೋಡಿ ಸಮಸಮ ಇರುವವರನ್ನು ಒಂದೊಂದು ಗುಂಪು ಮಾಡುತ್ತಾರೆ. ಹಾಗೆ ಮಾಡಿದರೆ ಯಾರಿಗೂ ಅನ್ಯಾಯವಾಗುವುದಿಲ್ಲ. ಆದರೆ ಮರುದಿನ ಯಾರಾದರೂ ನೂರಕ್ಕೆ ಹದಿನೈದರಷ್ಟಕ್ಕಿಂತ ಹೆಚ್ಚು ಚುರುಕಾದರೆ, ವೇಗ ಬಚ್ಚಿಟ್ಟು ಸುಲಭದ ಗುಂಪು ಹಿಡಿದ ಎಂದು ಅರ್ಥ. ಓಟ ರದ್ದು!

ಶುಕ್ರವಾರ ಜೋವೆಲಿನ್‌ಗೆ ಹೋಗಲಾಗಲಿಲ್ಲ. ನಾಮಕರಣದ ಮನೆಯೊಂದಕ್ಕೆ ಮುನ್ನೂರು ಬುಡ್‌ಬುಡ್ ಒಪ್ಪಿಕೊಂಡಿದ್ದಳು. ಬೆಳಿಗ್ಗೆ ವ್ಯಾನು ಬಂತು. ಹೊಸ ಕೆಂಪು ಅಂಗಿ ತೊಟ್ಟ ಸಾಂತೋ ಹತ್ತಿ ಕಿಟಕಿಯ ಪಕ್ಕ ಕೂತ. ಅವಳು ಅನ್ನ ಮೆತ್ತಿದ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಓಡಿಬಂದು, ಕಿಟಕಿಯೊಳಗೆ ಕೈಹಾಕಿ ಅಣ್ಣನ ತಲೆ ಸವರಿದಳು.

"ಹಿನಾಯ್-ಹಿನಾಯ್, ಕೂಯಾ."

ನಮ್ಮ ಕಡೆ ಯಾರೂ ಯಾರನ್ನೂ ಬಾಯಿಮುಚ್ಚಿಕೊಂಡು ಕಳಿಸುವುದಿಲ್ಲ. ದೋಣಿ ಹತ್ತುವವರಿಗೂ ಇದೇ ಮಾತು, ಸಂತೆಗೆ ಹೋಗುವವರಿಗೂ ಇದೇ. ನಿಧಾನ, ಜೋಪಾನ, ದೇವರು ಕಾಯಲಿ, ಎಲ್ಲವೂ ಅದರೊಳಗೆ ಬಂತು. ಅಮ್ಮ ಪ್ರತಿದಿನ ಮಗನ ತಲೆ ಸವರಿ ಹೇಳುತ್ತಿದ್ದಳು. ಅಮ್ಮ ಹೋದಮೇಲೆ ಜೋವೆಲಿನ್ ಹೇಳುತ್ತಿದ್ದಳು.

ಸಾಂತೋ ತಲೆಯಾಡಿಸಿದ. ವ್ಯಾನು ಹೊರಟಿತು.

ಆ ದಿನ ಅವನು ಮೈದಾನದ ಒಂದು ಸುತ್ತು ಮುಗಿಸಲು ತೆಗೆದುಕೊಂಡದ್ದು ಎರಡು ನಿಮಿಷ ನಲವತ್ತೊಂದು ಸೆಕೆಂಡು. ಹೊಸ ಜಾಗ, ಗದ್ದಲ, ಹೆದರಿರಬೇಕು ಎಂದುಕೊಂಡ ಡೆಲ್ಫಿನ್.

ಶನಿವಾರ ಜೋವೆಲಿನ್ ಬಂದಳು. ಅಣ್ಣನ ಜೊತೆಗೇ ವ್ಯಾನಿನಲ್ಲಿ ಬಂದು ಮೊದಲ ಸಾಲಿನಲ್ಲಿ ನಿಂತಳು. ಚಪ್ಪಾಳೆ ಬಿತ್ತು... ಸಾಂತೋ ಓಡಿದ! ಗಲ್ಲ ಮೇಲೆತ್ತಿ, ಬಾಯಿ ತೆರೆದು, ಗಾಳಿ ಕುಡಿಯುತ್ತ ಓಡಿದ!

"ಓಡು ಕೂಯಾ! ಓಡೂ!"

ಎರಡು ನಿಮಿಷ ಎರಡು ಸೆಕೆಂಡು. ಎಲ್ಲರಿಗಿಂತ ಮೊದಲು! ಜೋವೆಲಿನ್ ಪಕ್ಕದಲ್ಲಿದ್ದ ಗುರುತಿಲ್ಲದ ಹೆಂಗಸನ್ನು ತಬ್ಬಿಕೊಂಡು ಕುಣಿದಳು.

ಸಾಂತೋ ಪದಕದ ಮೆಟ್ಟಿಲಿಗೆ ಒಂದು ಕಾಲಿಟ್ಟಿದ್ದ. ಅಷ್ಟರಲ್ಲಿ ಧ್ವನಿವರ್ಧಕದಲ್ಲಿ ಅವನ ಹೆಸರು ಬಂತು. ಓಟ ರದ್ದಾಗಿತ್ತು. ಯಾರೋ ಅವನ ಮೊಣಕೈ ಹಿಡಿದು ಕೆಳಗಿಳಿಸಿದರು.

"ಜೋರಾಗಿ ಓಡಿದೆ," ಎಂದ ಸಾಂತೋ ಎಲ್ಲರ ಮುಖ ನೋಡುತ್ತ. "ಜೋರಾಗಿ ಓಡಿದ್ದು... ತಪ್ಪಾ?"

ಜೋವೆಲಿನ್‌ಳ ಎದೆ ಒಡೆದುಹೋಯಿತು.

ಕೂಟದ ಮುಖ್ಯಸ್ಥೆ ಮಿಸ್ ಕ್ಲಾರಿಟಾ ಕನ್ನಡಕ ಸರಿಮಾಡಿಕೊಂಡರು. "ನಿನ್ನೆ ನಿಧಾನ ಓಡು ಅಂತ ಯಾರೋ ಹೇಳಿಕೊಟ್ಟ ಹಾಗಿದೆಯಮ್ಮ. ಇಂಥದ್ದು ನಡೆಯುತ್ತೆ. ಪದಕದ ಆಸೆಗೆ ಕೆಲವು ಕೋಚ್‌ಗಳು..."

ಉಳಿದದ್ದು ಅವಳಿಗೆ ಕೇಳಿಸಲಿಲ್ಲ. ರಕ್ತ ತಲೆಗೇರಿತ್ತು. ಅಣ್ಣನ ಎರಡೂ ಭುಜ ಹಿಡಿದಳು.

"ಕೂಯಾ! ನಿಧಾನ ಓಡು ಅಂತ ಕೋಚ್ ಹೇಳಿದ್ರಾ?"

"ಹೌದು."

"ಜೋವೆಲಿನ್, ಬೇಡ! ಹಾಗೆ ಕೇಳಬೇಡಿ..." ಡೆಲ್ಫಿನ್ ಓಡಿಬಂದ.

"ಬಾಯ್ಮುಚ್ಚು!" ಅವಳ ಬಾಯಿಂದ ಏಕವಚನ ಸಿಡಿಯಿತು. "ನಮ್ಮಣ್ಣಂಗೆ ಸುಳ್ಳು ಬರಲ್ಲ ಅಂತ ಗೊತ್ತಿದ್ದೇ ಅವನ ಕೈಲಿ ಮೋಸ ಮಾಡಿಸ್ದೆಯಲ್ಲೋ! ಒಂದು ತಗಡಿನ ಪದಕಕ್ಕೆ! ನಿನ್ನ ನಂಬಿ ನಾನು..."

ಅವಳು ಮಿಸ್ ಕ್ಲಾರಿಟಾ ಕೈಯಿಂದ ಕಾಗದ ಕಿತ್ತುಕೊಂಡು ದೂರು ಬರೆಯಲು ಕೂತಳು.

ಅವಳು ಬರೆಯುವಾಗ ಡೆಲ್ಫಿನ್ ಸಾಂತೋನ ಮುಂದೆ ಕುಕ್ಕರುಗಾಲಲ್ಲಿ ಕೂತ. ಏನೋ ಕೇಳಿದ. ಕಾದ. ಸಾಂತೋ ತುಂಬ ಹೊತ್ತಿನ ಮೇಲೆ ಏನೋ ಹೇಳಿದ. ಡೆಲ್ಫಿನ್ ಕಣ್ಣು ಮುಚ್ಚಿ ಹಣೆ ಒತ್ತಿಕೊಂಡ. ಮತ್ತೆ ಎದ್ದು ಬಂದವನ ಮುಖದಲ್ಲಿ ವಾದ ಮಾಡುವ ಹುಮ್ಮಸ್ಸೇ ಇರಲಿಲ್ಲ.

"ನನ್ನ ಓಟಗಾರನ ಸಮಯ ತಪ್ಪಾಗಿದ್ರೆ ಹೊಣೆ ನಂದೇ," ಎಂದ ಮಿಸ್ ಕ್ಲಾರಿಟಾಗೆ. "ನೀವು ಏನು ತೀರ್ಮಾನ ಮಾಡಿದ್ರೂ ಸರಿ."

'ಒಪ್ಪಿಕೊಂಡುಬಿಟ್ಟ!' ಎಂದುಕೊಂಡಳು ಜೋವೆಲಿನ್. ದೂರಿನ ಕೆಳಗೆ ಹೆಸರು ಬರೆದು, ಅಣ್ಣನ ಕೈಹಿಡಿದು, ತಿರುಗಿಯೂ ನೋಡದೆ ಹೊರಟಳು.

ಕೂಟ ಮುಗಿದಿತ್ತು. ಅವನು ಕೇಳಬೇಕಾಗಿದ್ದ ಪ್ರಶ್ನೆ ಅವನಲ್ಲೇ ಉಳಿಯಿತು.

* * *

ಮೂರು ವಾರ ಕಳೆಯಿತು.

ಸಾಂತೋ ಪ್ರತಿ ಶನಿವಾರ ಬೂಟು ಹಾಕಿಕೊಂಡು, ದಾರ ಕಟ್ಟಿ, ಬಾಗಿಲ ಬಳಿ ಕೂರುತ್ತಿದ್ದ. "ಇವತ್ತು ಇಲ್ಲ ಕೂಯಾ," ಎಂದರೆ ದಾರ ಬಿಚ್ಚಿ ಬೂಟು ಪಕ್ಕಕ್ಕಿಡುತ್ತಿದ್ದ. ಜಗಳವಿಲ್ಲ, ಹಟವಿಲ್ಲ. ಹಟ ಮಾಡಿದ್ದರಾದರೂ ಜೋವೆಲಿನ್‌ಗೆ ಸಮಾಧಾನವಿರುತ್ತಿತ್ತು.

ಡೆಲ್ಫಿನ್ ಅಂಗಡಿಯ ಕಡೆ ಬರಲಿಲ್ಲ. ಬಂದರೆ ಸೌಟಿನಿಂದ ಹೊಡೆಯಬೇಕು ಎಂದುಕೊಂಡಿದ್ದವಳು ಪ್ರತಿದಿನ ಅವನ ಲೋಟವನ್ನು ಮಾತ್ರ ಬೇರೆಯವರಿಗೆ ಕೊಡದೆ ತೊಳೆದು ಬೋರಲು ಹಾಕುತ್ತಿದ್ದಳು.

"ಈ ಶನಿವಾರ ಮೇಷ್ಟ್ರು ಸೀಟಿ, ಗಡಿಯಾರ ಎಲ್ಲ ವಾಪಸ್ ಕೊಡ್ತಾರಂತೆ," ಎಂದಳು ಪಾಸಿಂಗಕ್ಕ ಒಂದು ಬೆಳಿಗ್ಗೆ. ಅವಳು ತಮಾಷೆ ಮಾಡುತ್ತಿರಲಿಲ್ಲ. "ಇನ್ಮೇಲೆ ಕಲಿಸೋ ಹಾಗಿಲ್ವಂತೆ. ನಿನ್ನ ದೂರು ಗಟ್ಟಿಯಾಗಿತ್ತು ಬಿಡು. ನಂಗ್ಯಾಕೋ ಆ ಮನುಷ್ಯ ಅಂಥೋನು ಅನ್ಸಲ್ಲ ಕಣೇ ಹುಡುಗಿ."

"ನಮ್ಮಣ್ಣಾನೇ ಹೇಳಿದ್ನಲ್ಲ ಮನಾಂಗ್! ಹೌದು ಅಂದ."

ಹೇಳಿದ ಮಾತು ಅವಳ ಕಿವಿಗೇ ಏಕೋ ಚುಚ್ಚಿತು. ಅದನ್ನು ಯೋಚಿಸಲು ಪುರುಸೊತ್ತಿರಲಿಲ್ಲ. ಸಕ್ಕರೆ ಮುಗಿದಿತ್ತು, ಬೆಂಚು ತುಂಬಿತ್ತು.

ಶನಿವಾರವೂ ಹಾಗೇ ಆಯಿತು. ಸಕ್ಕರೆಯ ಡಬ್ಬಿ ಮತ್ತೆ ಖಾಲಿ. ಸಕ್ಕರೆ ಅಂಗಡಿ ಐದು ನಿಮಿಷದ ದಾರಿ, ಸಂತೆಯ ತುದಿಯಲ್ಲಿ.

"ಕೂಯಾ, ಬೇಗ ಎರಡು ಕಿಲೋ ಸಕ್ಕರೆ ತಂದುಬಿಡು." ಅಭ್ಯಾಸಬಲದಿಂದ ಅವಳ ಕೈ ಅವನ ತಲೆಗೆ ಹೋಯಿತು. "ಹಿನಾಯ್-ಹಿನಾಯ್."

ಹತ್ತು ನಿಮಿಷವಾಯಿತು. ಇಪ್ಪತ್ತಾಯಿತು. ಗಿರಾಕಿಗಳು ಗೊಣಗಿ ಎದ್ದುಹೋದರು. ಅರ್ಧ ಗಂಟೆಯಾದ ಮೇಲೆ ಸಾಂತೋ ಕಾಣಿಸಿದ. ಸಕ್ಕರೆಯ ಚೀಲವನ್ನು ಎದೆಗವಚಿಕೊಂಡು, ಒಂದು ಹೆಜ್ಜೆ ಇಟ್ಟು, ನಿಂತು, ಇನ್ನೊಂದು ಹೆಜ್ಜೆ ಇಡುತ್ತ ಬರುತ್ತಿದ್ದ.

"ಇಷ್ಟು ಹೊತ್ತಾ ಕೂಯಾ? ಬೇಗ ಬಾ ಅಂದ್ನಲ್ಲ!"

ಸಾಂತೋ ಚೀಲವನ್ನು ಮೇಜಿನ ಮೇಲೆ ಜೋಪಾನವಾಗಿಟ್ಟ. "ಬೇಗ ಅಂದೆ. ಆಮೇಲೆ ಹಿನಾಯ್-ಹಿನಾಯ್ ಅಂದೆ."

"ಅದು... ಅದು ದಿನಾ ಹೇಳೋ ಮಾತಲ್ವಾ!"

"ದಿನಾ ಹೇಳ್ತೀಯ. ದಿನಾ ನಿಧಾನ ಹೋಗ್ತೀನಿ."

ಜೋವೆಲಿನ್ ನಗಲು ಹೊರಟಳು. ನಗು ಅರ್ಧಕ್ಕೇ ನಿಂತಿತು. ವ್ಯಾನಿನ ಕಿಟಕಿ. ಅನ್ನ ಮೆತ್ತಿದ ಕೈ. ಕೆಂಪು ಅಂಗಿ...

ಪ್ರತಿ ಶನಿವಾರ ಅವಳು ಅಣ್ಣನ ಜೊತೆಗೇ ಮೈದಾನಕ್ಕೆ ಹೋಗಿದ್ದಳು. ಕಳಿಸಿಕೊಡುವ ಮಾತು ಬಂದಿರಲೇ ಇಲ್ಲ. ಪಂದ್ಯದ ದಿನವೂ ಜೊತೆಗಿದ್ದಳು. ಅವನೊಬ್ಬನನ್ನೇ ಓಡಲು ಕಳಿಸಿದ್ದು ಒಂದೇ ಒಂದು ದಿನ. ಆ ಶುಕ್ರವಾರ.

'ಮೊದಲ ದಿನ ಅವರಿಗೆ ನಾನೇ ಕಲಿಸಿದ್ದೆನಲ್ಲ, ಹೇಗೆ ಕೇಳಬೇಕು ಅಂತ!' ಬೆಂಚಿನ ಮೇಲೆ ಅಣ್ಣನ ಪಕ್ಕ ಕೂತಳು.

"ಕೂಯಾ... ವ್ಯಾನಲ್ಲಿ ಹೋಗಿ ಓಡಿದ್ಯಲ್ಲ, ನಾನು ಬರದೇ ಇದ್ದ ದಿನ. ಅವತ್ತು ನಿಧಾನ ಅಂತ ಹೇಳಿದ್ದು ಯಾರು?"

ಕೇಳಿ ಕಾದಳು. ಒಲೆಯ ಮೇಲೆ ಸಿಕ್ವಾತೆ ಉಕ್ಕಿತು. ಅವಳು ಏಳಲಿಲ್ಲ.

"ನೀನು," ಎಂದ ಸಾಂತೋ. "ಕೋಚ್ ಓಡು ಓಡು ಅಂದ್ರು. ತುಂಬ ಸಲ ಅಂದ್ರು. ಆದ್ರೆ ನೀನು ನನ್ನ ತಂಗಿ."

ಜೋವೆಲಿನ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

ಕೋಪದಲ್ಲಿ ಕುಯ್ದುಕೊಂಡ ಮೂಗು ಆಮೇಲೆ ಬಾ ಎಂದರೆ ಬರುತ್ತದೆಯೇ ಎನ್ನುತ್ತಾರೆ. ಇಲ್ಲಿ ಅವಳು ಕುಯ್ದದ್ದು ತನ್ನ ಮೂಗನ್ನಲ್ಲ, ಒಬ್ಬ ಒಳ್ಳೆಯವನ ಮರ್ಯಾದೆಯನ್ನು.

"ಮನಾಂಗ್!" ಅವಳು ಎದ್ದು ಕೂಗಿದಳು. "ಒಲೆ ನೋಡ್ಕೊಳ್ಳಿ! ಕೂಯಾ, ಬೂಟು ಹಾಕ್ಕೋ!"

"ಓಡಿ ಹೋಗ್ರೇ, ಸುಮ್ನೆ ನಿಂತಿದ್ದೀರಲ್ಲ!" ಎಂದಳು ಪಾಸಿಂಗಕ್ಕ, ಸೌಟು ಕಿತ್ತುಕೊಂಡು.

* * *

ಮಳೆಮರದ ಕೆಳಗೆ ಮೇಜು ಹಾಕಿತ್ತು. ಮಿಸ್ ಕ್ಲಾರಿಟಾ ಕೂತಿದ್ದರು. ಡೆಲ್ಫಿನ್ ಕತ್ತಿನ ಸೀಟಿ ತೆಗೆದು ಮೇಜಿನ ಮೇಲಿಡುತ್ತಿದ್ದ.

"ನಿಲ್ಲಿಸಿ!"

ಜೋವೆಲಿನ್ ಏದುಸಿರು ಬಿಡುತ್ತ ಬಂದಳು. ಲಂಗದ ತುಂಬ ಕೋಕೋ ಕಲೆ, ಕೂದಲು ಕೆದರಿತ್ತು.

"ಮಿಸ್, ನನ್ನ ದೂರು ಹರಿದುಹಾಕಿ. ತಪ್ಪು ಇವರದಲ್ಲ. ನಮ್ಮಣ್ಣಂಗೆ ನಿಧಾನ ಅಂತ ಹೇಳಿದವಳು ನಾನು!"

"ನೀನಾ?" ಮಿಸ್ ಕ್ಲಾರಿಟಾ ಕನ್ನಡಕದ ಮೇಲಿಂದ ನೋಡಿದರು.

"ವ್ಯಾನು ಹತ್ತಿಸುವಾಗ ಹಿನಾಯ್-ಹಿನಾಯ್ ಅಂದೆ, ಎಲ್ಲರೂ ಅನ್ನೋ ಹಾಗೆ. ಅವನು ಅದನ್ನ ನಡೆಸಿಕೊಟ್ಟ."

ಮುದುಕಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಗುತ್ತಿದ್ದರೋ ಅಳುತ್ತಿದ್ದರೋ ತಿಳಿಯಲಿಲ್ಲ.

"ಅಯ್ಯೋ ದೇವರೇ! ಇವತ್ತು ಬೆಳಿಗ್ಗೆ ನನ್ನ ಗಂಡಂಗೂ ಅದನ್ನೇ ಹೇಳಿ ಕಳಿಸಿದೀನಿ. ಆ ಪುಣ್ಯಾತ್ಮ ಒಂದು ದಿನಾನೂ ನಿಧಾನ ಹೋಗಿಲ್ಲ!" ಅವರು ದೂರಿನ ಕಾಗದವನ್ನು ಎರಡು ತುಂಡು ಮಾಡಿದರು. "ಗೆದ್ದೋರ ಪದಕ ಗೆದ್ದೋರ ಹತ್ರಾನೇ ಇರುತ್ತೆ, ಅದನ್ನ ಬದಲಾಯಿಸಕ್ಕಾಗಲ್ಲ. ಡೆಲ್ಫಿನ್, ಸೀಟಿ ಹಾಕ್ಕೋ. ಮುಂದಿನ ಸಲ ನಿನ್ನ ಓಟಗಾರ ನಿಧಾನ ಓಡಿದ್ರೆ ಅವತ್ತೇ ಯಾಕೆ ಅಂತ ಕೇಳು."

"ಕೇಳಬೇಕಿತ್ತು ಮಿಸ್," ಎಂದ ಡೆಲ್ಫಿನ್. "ಹೆದರಿದಾನೆ ಅಂತ ನಾನೇ ಅಂದ್ಕೊಂಡುಬಿಟ್ಟೆ. ಅದು ನನ್ನ ತಪ್ಪೇ."

ಮಿಸ್ ಕ್ಲಾರಿಟಾ ಕೊಡೆ ಬಿಚ್ಚಿಕೊಂಡು ಹೊರಟರು. ಮೂರು ವಾರದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದಂತಾಯಿತು ಜೋವೆಲಿನ್‌ಗೆ. ಆದರೆ ಡೆಲ್ಫಿನ್ ಆಶ್ಚರ್ಯಪಟ್ಟಿರಲಿಲ್ಲ ಎಂಬುದು ಆಗ ಅವಳಿಗೆ ಹೊಳೆಯಿತು.

"ನಿಮಗೆ... ಗೊತ್ತಿತ್ತು?"

ಅವನು ಮೇಜಿನ ಮೇಲಿದ್ದ ಸೀಟಿ ಎತ್ತಿಕೊಂಡ.

ಅವಳು ತಿದ್ದಿಕೊಂಡಳು. "ನಿಮಗೆ ಯಾವಾಗ ಗೊತ್ತಾಯ್ತು?"

"ಅವತ್ತೇ. ನೀವು ದೂರು ಬರೀತಿದ್ರಲ್ಲ, ಆಗ. ಯಾರು ಹೇಳಿದ್ದು ಅಂತ ಸಾಂತೋನ ಕೇಳ್ದೆ. ಕಾದೆ. 'ಇಂದಾಯ್' ಅಂದ."

ಇಂದಾಯ್. ಅವಳು ಹುಟ್ಟಿದಾಗಿನಿಂದ ಸಾಂತೋ ಅವಳನ್ನು ಕರೆಯುತ್ತಿದ್ದ ಹೆಸರು.

"ಮತ್ಯಾಕೆ ಹೇಳಲಿಲ್ಲ? ನಾನು ಅಷ್ಟು ಜನರ ಮುಂದೆ ಅಷ್ಟೆಲ್ಲ ಅಂದೆ... ಮೂರು ವಾರ! ಯಾಕೆ ಸುಮ್ನಿದ್ರಿ?"

ಡೆಲ್ಫಿನ್ ಸೀಟಿಯ ದಾರವನ್ನು ಬೆರಳಿಗೆ ಸುತ್ತಿದ.

"ಹೇಳೋಣ ಅಂತಾನೇ ಎದ್ದೆ. ಆಗ ಸಾಂತೋ ಇನ್ನೊಂದು ಮಾತು ಹೇಳ್ದ. 'ಅಮ್ಮನ ಮಾತು ಅದು, ಈಗ ಇಂದಾಯ್ ಹೇಳ್ತಾಳೆ' ಅಂತ. ಆ ಮಾತಿನಿಂದಲೇ ಪದಕ ಹೋಯ್ತು ಅಂತ ಗೊತ್ತಾದ್ರೆ ನೀವು ಮತ್ತೆ ಯಾವತ್ತೂ ಅದನ್ನ ಹೇಳ್ತಿರ್ಲಿಲ್ಲ. ಅವನು ಬೆಳಿಗ್ಗೆ ಬಾಗಿಲಲ್ಲಿ ಅದಕ್ಕೇ ಕಾಯ್ತಾನೆ ಜೋವೆಲಿನ್. ನನ್ನ ಹತ್ರ ಹೋಗೋದು ಒಂದು ಸೀಟಿ ತಾನೇ."

ಊರಿಗೆಲ್ಲ ಬೈಯಲು ಬರುತ್ತಿದ್ದ ನಾಲಿಗೆಗೆ ಒಂದು ಕ್ಷಮೆ ಕೇಳಲು ಬರಲಿಲ್ಲ. ಸುಮ್ಮನೆ ಅತ್ತಳು. ಮೂರು ವಾರದ ಅಳು ಒಟ್ಟಿಗೇ ಬಂತು. ಡೆಲ್ಫಿನ್ ಕರವಸ್ತ್ರ ಹುಡುಕಿದ, ಸಿಗಲಿಲ್ಲ. ಕೊನೆಗೆ ಓಟಗಾರರ ಬೆವರೊರೆಸುವ ಟವೆಲ್ಲನ್ನೇ ಕೊಟ್ಟ.

"ಥೂ, ನಾತ!" ಎಂದಳು ಅವಳು ಅಳುತ್ತಲೇ.

"ಅಬ್ಬ!" ಎಂದ ಅವನು. "ಬೈದ್ರಲ್ಲ... ಈಗ ಜೀವ ಬಂತು ನನಗೆ."

ಆಗ ಬಿಳಿ ಗೆರೆಯ ಕಡೆಯಿಂದ ದನಿ ಬಂತು. "ಇಂದಾಯ್! ಹೇಳು!"

ಸಾಂತೋ ಬೂಟಿನ ದಾರ ಕಟ್ಟಿ ಗೆರೆಯ ಮೇಲೆ ನಿಂತಿದ್ದ. ತಂಗಿಯ ಮಾತಿಗೆ ಕಾಯುತ್ತಿದ್ದ.

ಜೋವೆಲಿನ್ ಬಾಯಿ ತೆರೆದಳು. ಭಯವಾಗಿ ಮುಚ್ಚಿದಳು. ಡೆಲ್ಫಿನ್ನನ ಮುಖ ನೋಡಿದಳು. ಅವನು ಏನೂ ಹೇಳಿಕೊಡಲಿಲ್ಲ.

ಅವಳು ಅಣ್ಣನ ಹತ್ತಿರ ಹೋಗಿ ತಲೆ ಸವರಿದಳು. "ಕೂಯಾ, ಹಿನಾಯ್-ಹಿನಾಯ್ ಅನ್ನೋದು ಮನೆ ಬಾಗಿಲಲ್ಲಿ. ಅದು ದಿನಾ ಹೇಳ್ತೀನಿ. ಇಲ್ಲಿ, ಗೆರೆ ಹತ್ರ... ಏನು ಹೇಳ್ಲಿ? ನೀನೇ ಹೇಳು."

ಸಾಂತೋ ಯೋಚಿಸಿದ. ಇಬ್ಬರೂ ಕಾದರು.

"ಗಾಳಿ ಅನ್ನು."

"ಗಾಳಿ!" ಎಂದು ಜೋವೆಲಿನ್ ಗಂಟಲು ಹರಿಯುವಂತೆ ಕೂಗಿದಳು. ಡೆಲ್ಫಿನ್ ಚಪ್ಪಾಳೆ ತಟ್ಟಿದ.

ಸಾಂತೋ ಹೊರಟ! ಗಲ್ಲ ಮೇಲೆತ್ತಿ, ಬಾಯಿ ತೆರೆದು, ಕೆಂಪು ಅಂಗಿ ಬೆನ್ನ ಹಿಂದೆ ಉಬ್ಬಿಕೊಂಡು... ಯಾರೂ ಎದುರಾಳಿಗಳಿಲ್ಲ, ಯಾವ ಮೆಟ್ಟಿಲೂ ಇಲ್ಲ. ಅವನು ಮೊದಲ ತಿರುವಿನಲ್ಲಿ ಜೋರಾಗಿ ನಕ್ಕದ್ದು ಮರದ ಕೆಳಗಿನವರೆಗೂ ಕೇಳಿಸಿತು.

ಡೆಲ್ಫಿನ್ ಗಡಿಯಾರ ಒತ್ತುವುದನ್ನು ಮರೆತು ಅವಳ ಪಕ್ಕದಲ್ಲಿ ನಿಂತಿದ್ದ.

"ಕೂಟ ಮುಗಿದ ದಿನ ಒಂದು ಪ್ರಶ್ನೆ ಕೇಳ್ತೀನಿ ಅಂದಿದ್ದೆ."

"ಮೂರು ವಾರ ತಡ."

"ನಿಧಾನವೇ ಪ್ರಧಾನ ಅಂತಾರಲ್ಲ."

"ಎಲ್ಲದಕ್ಕೂ ಅಲ್ಲ!" ಅವಳು ಟವೆಲ್ಲಿನಲ್ಲಿ ಮೂಗೊರೆಸಿಕೊಂಡಳು. "ಕೇಳೋದಿದ್ರೆ ಸರಿಯಾಗಿ ಕೇಳಿ. ಹೌದಾ ಇಲ್ವಾ ಅಂತ ಕೇಳಿದ್ರೆ ಹೊರಟು ಹೋಗ್ತೀನಿ."

"ಕಲಿತಿದೀನಿ." ಅವನು ಉಸಿರು ಎಳೆದುಕೊಂಡ. "ಜೋವೆಲಿನ್... ನಿಮ್ಮ ಮನಸ್ಸಲ್ಲಿ ಇರೋದು ಯಾರು?"

ಕೇಳಿ, ಸುಮ್ಮನೆ ಕಾದ. ಸಾಂತೋ ಎರಡನೆಯ ತಿರುವು ದಾಟಿದ. ಮೂರನೆಯದನ್ನೂ ದಾಟಿದ. ಡೆಲ್ಫಿನ್ ಕೆಮ್ಮಲಿಲ್ಲ, ಮತ್ತೊಮ್ಮೆ ಕೇಳಲೂ ಇಲ್ಲ.

"ನೀನು," ಎಂದಳು ಜೋವೆಲಿನ್.

ಸಿಟ್ಟಿನಲ್ಲಿ ಸಿಡಿದಿದ್ದ ಅದೇ ಏಕವಚನ. ಈಗ ಅವಳ ತುಟಿಯ ಮೇಲೆ ನಾಚಿಕೊಂಡು ನಿಂತಿತ್ತು.

ಡೆಲ್ಫಿನ್ನನ ಕಿವಿ ಕೆಂಪಗಾಯಿತು, ಮೊದಲ ದಿನದ ಹಾಗೇ. "ಯಾವಾಗಿಂದ?" ಎಂದ ಪಿಸುದನಿಯಲ್ಲಿ.

ಅವಳು ಅವನ ಕೈ ಹಿಡಿದುಕೊಂಡಳು.

"ನೀನು ಕೋಣ ಅಂತ ನಮ್ಮಣ್ಣ ಒಪ್ಕೊಂಡ್ನಲ್ಲ... ಆವತ್ತಿಂದ."